ಪೇಟೆಯೂ ಮರುಭೂಮಿಯೂ: ಕ್ರೈಸ್ತ ಜೀವನದಲ್ಲಿ ಐಹಿಕ ಪ್ರಲೋಭನದ ವಿಚಾರ



ಐಹಿಕ ಸುಖದ ಆಕರ್ಷಣೆಯನ್ನು ಕ್ರೈಸ್ತನಾದವನು ಹೇಗೆ ಎದುರಿಸಬೇಕೆಂಬ ಉಪದೇಶವನ್ನು ನಾವು ನಮ್ಮ ದೇವಾಲಯಗಳಲ್ಲಿ ವರ್ಷವರ್ಷವೂ ಕೇಳುತ್ತ ಬಂದಿದ್ದೇವೆ; ಕೇಳಿದವರಲ್ಲಿ ಬಹುಮಂದಿ ಅದನ್ನು ಒಬ್ಬೊಬ್ಬರ ಅಂತರಂಗದಲ್ಲಿ, ಬಾಗಿಲಿಕ್ಕಿದ ಕೋಣೆಯೊಳಗೆ, ಸಾಕ್ಷಿಗಳಿಲ್ಲದೆ ನಡೆಯುವ ಯುದ್ಧವೆಂದೇ ತಿಳಿದು, ಗೆದ್ದರೆ ಅದು ತಮ್ಮ ಮನೋಬಲವೆಂದೂ ಸೋತರೆ ತಮ್ಮ ದೌರ್ಬಲ್ಯವೆಂದೂ ಎಣಿಸಿ ಮನೆಗೆ ಮರಳುವರು. ಈ ತಿಳಿವಳಿಕೆ ಸುಳ್ಳಲ್ಲವಾದರೂ ಪೂರ್ಣವಲ್ಲ. ಆಸೆ ಹುಟ್ಟುವುದು ಮನಸ್ಸಿನಲ್ಲಾದರೂ ಅದು ಬೆಳೆಯುವುದು ಬೀದಿಯಲ್ಲಿ. ಅದನ್ನು ತಡೆಯುವ ಶಕ್ತಿಯೂ ಒಬ್ಬನ ಎದೆಯೊಳಗಿಂದಲೇ ಬರತಕ್ಕದ್ದಲ್ಲ. ಪ್ರಲೋಭನದ ನಿಗ್ರಹವು ವ್ಯಕ್ತಿಯ ಸಾಹಸವಾಗಿರುವುದಕ್ಕಿಂತ ಹೆಚ್ಚಾಗಿ ಸಭೆಯ ಕರ್ತವ್ಯವೆಂಬುದೂ, ಆಸೆಯನ್ನು ಬಿಡೆಂದು ಹೇಳುವ ಸಭೆಯು, ಬಿಟ್ಟವನು ಮರುದಿನ ಏನನ್ನು ಹಿಡಿಯಬೇಕೆಂಬುದನ್ನೂ ತೋರಿಸಲು ಬದ್ಧವಾಗಿದೆಯೆಂಬುದೂ ಈ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಲು ಹೊರಟಿರುವ ಮಾತು.

ಈ ವಿಚಾರವನ್ನು ಉಲ್ಹಾಸನಗರದಲ್ಲಿ ಮಾಡುವುದಕ್ಕೆ ಒಂದು ವಿಶೇಷ ಔಚಿತ್ಯವಿದೆ. ಬೋರಘಾಟದ ಸೀಮೆಯ ಸಹ್ಯಾದ್ರಿಯಲ್ಲಿ ಹುಟ್ಟಿ, ಕರ್ಜತ್ ಬದಲಾಪುರಗಳನ್ನು ಹಾದು, ಈ ನಗರವನ್ನೂ ಕಲ್ಯಾಣವನ್ನೂ ಮುಟ್ಟಿ, ವಸಯಿಯ ಖಾರಿಯಲ್ಲಿ ಸಮುದ್ರವನ್ನು ಸೇರುವ ಉಲ್ಹಾಸ ನದಿಯ ಕಣಿವೆಯು ಎರಡು ಸಾವಿರ ವರ್ಷಗಳಿಂದ ವ್ಯಾಪಾರದ ಕಣಿವೆ. ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಾದ ‘ಪೆರಿಪ್ಲಸ್’ ಗ್ರಂಥದಲ್ಲಿ ಕಲ್ಯಾಣದ ಬಂದರಿನ ಹೆಸರಿದೆ. ಆರನೆಯ ಶತಮಾನದ ವರ್ತಕಯಾತ್ರಿಕನಾದ ಕೊಸ್ಮಾಸನು ‘ಕಲ್ಲಿಯಾನ’ವೆಂಬ ಊರಿನಲ್ಲಿ ಪರ್ಷಿಯಾದಿಂದ ನೇಮಕಗೊಂಡ ಬಿಷಪನೊಬ್ಬನಿದ್ದನೆಂದು ಬರೆದಿರುವನು, ಆ ಊರು ನಮ್ಮ ಕಲ್ಯಾಣವೇ ಎಂದು ಅನೇಕ ಪಂಡಿತರ ಮತ. ಹಾಗಿದ್ದರೆ ಕ್ರೈಸ್ತಧರ್ಮವು ಈ ನೆಲಕ್ಕೆ ಬಂದುದು ತಪಸ್ವಿಗಳ ಗುಹೆಗಳ ಮೂಲಕವಲ್ಲ, ಮೆಣಸು ಅರಳೆಬಟ್ಟೆಗಳ ಮೂಟೆಗಳ ಜೊತೆಯಲ್ಲಿ, ಹಡಗಿನಲ್ಲಿ. ಇಲ್ಲಿಯ ಕ್ರೈಸ್ತನಿಗೆ ಪೇಟೆಯು ಹೊರಗಿನ ಶತ್ರುವಾಗಿರಲಿಲ್ಲ. ಅವನ ವಾಸಸ್ಥಾನವೇ ಅದಾಗಿತ್ತು.

ಆಧುನಿಕ ಉಲ್ಹಾಸನಗರದ ಹುಟ್ಟಾದರೋ ಇನ್ನೂ ಗಮನಾರ್ಹವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ಕಟ್ಟಿದ ಕಲ್ಯಾಣದ ಶಿಬಿರದಲ್ಲಿ, 1947ರ ವಿಭಜನೆಯ ತರುವಾಯ, ಮನೆ ಹೊಲ ಅಂಗಡಿಗಳನ್ನೆಲ್ಲ ಸಿಂಧಿನಲ್ಲಿ ಬಿಟ್ಟುಬಂದ ನಿರಾಶ್ರಿತರನ್ನು ನೆಲೆಗೊಳಿಸಿದರು. 1949ರಲ್ಲಿ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹಸ್ತದಿಂದ ಅದು ಉಲ್ಹಾಸನಗರವಾಯಿತು. ಒಂದರಿಂದ ಐದರವರೆಗಿನ ಕ್ಯಾಂಪುಗಳ ಲೆಕ್ಕ ಇಂದಿಗೂ ಅಳಿದಿಲ್ಲ. ಬರಿಗೈಯಲ್ಲಿ ಬಂದ ಆ ಜನರು ಬಟ್ಟೆ, ಪೀಠೋಪಕರಣ, ಜೀನ್ಸ್, ಮಿಠಾಯಿ ಮುಂತಾದ ಹತ್ತಾರು ಉದ್ಯಮಗಳನ್ನು ಒಂದೆರಡು ತಲೆಮಾರುಗಳೊಳಗೆ ಕಟ್ಟಿನಿಲ್ಲಿಸಿದರು. ಸಂಪಾದನೆಯ ಆಸೆಯನ್ನು ಸಾರಾಸಗಟಾಗಿ ಪಾಪವೆಂದು ನಿಂದಿಸುವ ಉಪದೇಶಕನು ಈ ಬೀದಿಗಳಲ್ಲಿ ಒಮ್ಮೆ ನಡೆದುನೋಡಬೇಕು. ಸರ್ವಸ್ವವನ್ನೂ ಕಳೆದುಕೊಂಡವನು ಮತ್ತೆ ಒಂದು ಸೂರನ್ನು ಬಯಸಿದರೆ ಅದು ವಿಷಯಾಭಿಲಾಷೆಯಲ್ಲ. ಯಾದಗಿರಿಯಿಂದಲೋ ವಿಜಯಪುರದಿಂದಲೋ ಬಂದು ನವಿಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊರುವ ನಮ್ಮ ಕನ್ನಡದ ಹೆಣ್ಣುಮಗಳು ತನ್ನದೊಂದು ಖೋಲಿಯನ್ನು ಬಯಸಿದರೆ ಅದೂ ಅಲ್ಲ. ಧರ್ಮಶಾಸ್ತ್ರವು ಆಸೆಯನ್ನು ಖಂಡಿಸುವುದಕ್ಕೆ ಮುನ್ನ ಅವಶ್ಯಕತೆಯನ್ನು ಗೌರವಿಸಲು ಕಲಿಯಬೇಕು.

ಹಾಗಾದರೆ ಪ್ರಲೋಭನವೆಂದರೇನು? ಸುವಾರ್ತೆಗಳಲ್ಲಿ ನಿರೂಪಿತವಾಗಿರುವ, ಅರಣ್ಯದಲ್ಲಿ ಕ್ರಿಸ್ತನಿಗೆ ಒದಗಿದ ಮೂರು ಶೋಧನೆಗಳನ್ನು ನೆನೆಯಿರಿ. ನಾಲ್ವತ್ತು ದಿನ ಉಪವಾಸವಿದ್ದವನಿಗೆ ರೊಟ್ಟಿ. ದೇವಾಲಯದ ಶಿಖರದಿಂದ ಧುಮುಕಿ ದೇವದೂತರ ಕೈಯಲ್ಲಿ ಉಳಿಯುವ ಅದ್ಭುತ. ಲೋಕದ ಸಮಸ್ತ ರಾಜ್ಯಗಳ ಅಧಿಕಾರ. ಇವುಗಳಲ್ಲಿ ಯಾವುದೂ ಸ್ವತಃ ಕೆಟ್ಟದ್ದಲ್ಲವೆಂಬುದನ್ನು ನಮ್ಮ ಉಪದೇಶಕರು ಸಾಕಷ್ಟು ಎತ್ತಿಹೇಳುವುದಿಲ್ಲ. ಹಸಿದವನಿಗೆ ಅನ್ನ ನ್ಯಾಯವಾದುದು. ದೇವರ ರಕ್ಷಣೆಯಲ್ಲಿ ನಂಬಿಕೆಯಿಡುವುದು ಭಕ್ತಿಯೇ. ಲೋಕವು ನೀತಿವಂತನ ಆಳ್ವಿಕೆಗೆ ಒಳಪಡುವುದು ಇಷ್ಟಾರ್ಥವೇ. ಶೋಧಕನು ಕೆಟ್ಟ ಪದಾರ್ಥವನ್ನು ಮಾರಲು ಬರಲಿಲ್ಲ. ಒಳ್ಳೆಯ ಪದಾರ್ಥಕ್ಕೆ ಹೆಚ್ಚಿನ ಬೆಲೆಯನ್ನು ಕೇಳಿದನು. ಒಳ್ಳೆಯದನ್ನು ಅದರ ಸ್ಥಾನದಿಂದ ಕಿತ್ತು ಅದಕ್ಕಿಂತ ದೊಡ್ಡದರ ಸ್ಥಾನದಲ್ಲಿ ಇರಿಸುವುದೇ ಪಾಪವೆಂಬ, ಪ್ರೀತಿಗಳಿಗೆ ಒಂದು ಕ್ರಮವುಂಟೆಂಬ, ಸಂತ ಅಗಸ್ಟೀನನ ಸಿದ್ಧಾಂತಕ್ಕೆ ಈ ಪ್ರಸಂಗವೇ ಅತ್ಯುತ್ತಮ ವ್ಯಾಖ್ಯಾನ. 354ರಿಂದ 430ರವರೆಗೆ ಬಾಳಿದ ಆ ಆಚಾರ್ಯನು ತನ್ನ ಯೌವನದ ಕಾಮವನ್ನೂ ಕೀರ್ತಿಯ ಹಂಬಲವನ್ನೂ ‘ಆತ್ಮನಿವೇದನೆ’ಗಳಲ್ಲಿ ಬಿಚ್ಚಿಟ್ಟವನು, ಆಸೆಯನ್ನು ಸುಟ್ಟುಹಾಕೆಂದು ಅವನು ಹೇಳಲಿಲ್ಲ, ಅದು ವಿಶ್ರಮಿಸತಕ್ಕ ನೆಲೆಯನ್ನು ಹುಡುಕೆಂದನು.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಬೇಕು. ಮೂರು ಶೋಧನೆಗಳಿಗೂ ಕ್ರಿಸ್ತನು ಕೊಟ್ಟ ಉತ್ತರಗಳು ಅವನ ಹೊಸ ಮಾತುಗಳಲ್ಲ. ಧರ್ಮೋಪದೇಶಕಾಂಡದಿಂದ, ಅಂದರೆ ಇಸ್ರಾಯೇಲಿನ ಜನ ಅರಣ್ಯದಲ್ಲಿ ಅಲೆದಾಡಿದ ಕಾಲದ ಸ್ಮೃತಿಯಿಂದ, ಎತ್ತಿಕೊಂಡವು. ಏಕಾಂಗಿಯಾಗಿ ನಿಂತಿದ್ದವನು ಸಮುದಾಯದ ನೆನಪಿನಿಂದ ಮಾತಾಡಿದನು. ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೂ ಶೋಧನೆಯೊಳಗೆ ಸೇರಿಸಬೇಡವೆಂಬ ಬೇಡಿಕೆಯನ್ನು ಅವನು ಬಹುವಚನದಲ್ಲಿಯೇ ಇರಿಸಿದನು. ನನ್ನ ನೆರೆಯವನು ಬೀಳದಿರಲೆಂದು ಬೇಡದೆ ನಾನು ಬೀಳದಿರಲೆಂದು ಬೇಡಲು ಆ ಪ್ರಾರ್ಥನೆಯಲ್ಲಿ ಅವಕಾಶವೇ ಇಲ್ಲ. ಅಪೊಸ್ತಲನಾದ ಯಾಕೋಬನು ಆಸೆಯನ್ನು ಗರ್ಭವತಿಯಂತೆ ವರ್ಣಿಸಿ, ಅದು ಪಾಪವನ್ನು ಹೆರುವುದೆಂದೂ ಪಾಪವು ಬೆಳೆದು ಮರಣವನ್ನು ಹೆರುವುದೆಂದೂ ಹೇಳಿರುವನಷ್ಟೆ. ಆ ವರ್ಣನೆಯಲ್ಲಿ ಎಚ್ಚರಿಕೆಯ ಜೊತೆಗೆ ಸಮಾಧಾನವೂ ಇದೆ, ಏಕೆಂದರೆ ಗರ್ಭಕ್ಕೆ ತಿಂಗಳುಗಳು ಬೇಕು. ಬಯಕೆಗೂ ಕೃತ್ಯಕ್ಕೂ ನಡುವೆ ಒಂದು ಅವಧಿಯುಂಟು; ಆ ಅವಧಿಯಲ್ಲಿ ಬಯಸಿದವನ ಬಳಿ ಯಾರಿರುವರೆಂಬುದೇ ಬಹುಮಟ್ಟಿಗೆ ಫಲವನ್ನು ನಿರ್ಣಯಿಸುವುದು.

ಐಹಿಕ ಆಸೆಯನ್ನು ಹೇಗೆ ಎದುರಿಸಬೇಕೆಂಬ ಪ್ರಶ್ನೆಗೆ ಪ್ರಾಚೀನ ಸಭೆಯು ಎರಡು ಉತ್ತರಗಳನ್ನು ಕೊಟ್ಟಿತು. ವಿಚಿತ್ರವೆಂದರೆ ಎರಡೂ ಬಂದುದು ಒಂದೇ ದೇಶದಿಂದ, ಈಜಿಪ್ಟಿನಿಂದ. ಮೊದಲನೆಯದು ಅಲೆಕ್ಸಾಂಡ್ರಿಯದ ಬಂದರಿನ ಉತ್ತರ. ಭಾರತದ ಸರಕು ಕೆಂಪುಸಮುದ್ರದ ಮೂಲಕ ರೋಮಿನ ಲೋಕಕ್ಕೆ ಪ್ರವೇಶಿಸುತ್ತಿದ್ದುದು ಅಲ್ಲಿಂದ; ಈ ವಿಲಾಸವಸ್ತುಗಳಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯಗಳು ಭಾರತಕ್ಕೆ ಹರಿದುಹೋಗುತ್ತಿವೆಯೆಂದು ಪ್ಲಿನಿಯು ಮರುಗಿದ್ದುದು ಈ ವ್ಯಾಪಾರವನ್ನು ಕಂಡೇ. ಆ ಐಶ್ವರ್ಯದ ಪಟ್ಟಣದಲ್ಲಿ ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ಬೋಧಿಸುತ್ತಿದ್ದ ಕ್ಲೆಮೆಂಟನು, ಐಶ್ವರ್ಯವಂತನಿಗೆ ರಕ್ಷಣೆಯುಂಟೇ ಎಂಬ ಪ್ರಶ್ನೆಯ ಮೇಲೆಯೇ ಒಂದು ಪ್ರಬಂಧವನ್ನು ರಚಿಸಿದನು. ತ್ಯಜಿಸಬೇಕಾದುದು ಹಣವನ್ನಲ್ಲ, ಹಣದ ಮೇಲಣ ವ್ಯಾಮೋಹವನ್ನು. ಎಲ್ಲರೂ ಎಲ್ಲವನ್ನೂ ಬಿಸಾಡಿದರೆ ಹಸಿದವನಿಗೆ ಉಣಿಸುವವರು ಯಾರು ಎಂಬುದು ಅವನ ವಾದದ ಸಾರ. ಅವನ ಗುರುವಾದ ಪಾಂಟೇನಸನು ಭಾರತಕ್ಕೆ ಹೋಗಿದ್ದನೆಂದು ಚರಿತ್ರಕಾರ ಯೂಸೇಬಿಯಸನು ಹೇಳಿರುವನು.

ಎರಡನೆಯದು ಮರುಭೂಮಿಯ ಉತ್ತರ. ಕ್ಲೆಮೆಂಟನಿಗಿಂತ ಸುಮಾರು ಒಂದು ಶತಮಾನದ ತರುವಾಯ ಅದೇ ಈಜಿಪ್ಟಿನ ಅನುಕೂಲಸ್ಥ ಕುಟುಂಬದ ಯುವಕನಾದ ಅಂತೋನಿಯು, ಐಶ್ವರ್ಯವಂತ ತರುಣನಿಗೆ ಕ್ರಿಸ್ತನು ಕೊಟ್ಟ ಆಜ್ಞೆಯನ್ನು ದೇವಾಲಯದಲ್ಲಿ ಓದಿದ್ದನ್ನು ಕೇಳಿ, ಅದನ್ನು ತನಗೇ ಹೇಳಿದಂತೆ ಗ್ರಹಿಸಿ, ಪಿತ್ರಾರ್ಜಿತ ಭೂಮಿಯನ್ನು ಹಂಚಿ ಅರಣ್ಯವಾಸಿಯಾದನು. ಅವನ ಹಿಂದೆ ಸಾವಿರಾರು ಜನ ಹೋದರು. ನಾಲ್ಕನೆಯ ಶತಮಾನದ ಎವಾಗ್ರಿಯಸನು ಅಲ್ಲಿಯ ಅನುಭವವನ್ನು ಎಂಟು ದುರಾಲೋಚನೆಗಳ ಶಾಸ್ತ್ರವಾಗಿ ಕ್ರೋಡೀಕರಿಸಿದನು: ಉದರಲೋಲತೆ, ಕಾಮ, ಧನಲೋಭ, ವಿಷಾದ, ಕ್ರೋಧ, ಆಲಸ್ಯ, ವೃಥಾಕೀರ್ತಿ, ಗರ್ವ. ಆಲೋಚನೆ ಬರುವುದು ನಮ್ಮ ವಶದಲ್ಲಿಲ್ಲ, ಅದನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ವಶದಲ್ಲಿದೆಯೆಂಬುದು ಅವನ ಬೋಧೆಯ ತಿರುಳು. ಆದರೆ ಅರಣ್ಯದ ಋಷಿಗಳೇ ಕಂಡುಕೊಂಡ ಕಹಿಸತ್ಯವೊಂದಿದೆ. ಅಪಾರ ಆಸ್ತಿಯನ್ನು ನಗುತ್ತ ತ್ಯಜಿಸಿ ಬಂದ ಸನ್ಯಾಸಿಗಳು ಗುಡಿಸಲಿನಲ್ಲಿ ಒಂದು ಚೂರಿಗೋ ಲೇಖನಿಗೋ ಪುಸ್ತಕಕ್ಕೋ ಕೋಪಗೊಂಡು ಜಗಳವಾಡುವುದನ್ನು ಜಾನ್ ಕ್ಯಾಸಿಯನ್ನನು ದಾಖಲಿಸಿರುವನು. ಆಸ್ತಿ ಕುಗ್ಗಿತು, ಮಮಕಾರ ಕುಗ್ಗಲಿಲ್ಲ.

ಕನ್ನಡಿಗರಿಗೆ ಈ ಕಹಿಸತ್ಯ ಅಪರಿಚಿತವಲ್ಲ. ಮಾಯೆಯನ್ನು ವಸ್ತುಗಳಲ್ಲಿ ಹುಡುಕಬೇಡ, ವಸ್ತುವಿನತ್ತ ಚಾಚುವ ಮನಸ್ಸಿನಲ್ಲಿ ಹುಡುಕೆಂಬ ನಿಲುವು ಹನ್ನೆರಡನೆಯ ಶತಮಾನದ ಅಲ್ಲಮನದು; ದುಡಿಮೆಯನ್ನು ಬಿಟ್ಟು ಓಡಿಹೋಗದೆ ದುಡಿಮೆಯ ಫಲವನ್ನು ದಾಸೋಹಕ್ಕೆ ಸಲ್ಲಿಸುವುದು ಬಸವಣ್ಣನವರ ಕಾಲದ ಶರಣರ ಮಾರ್ಗ. ಸಿರಿವಂತ ವರ್ತಕನಾಗಿದ್ದು ಸರ್ವಸ್ವವನ್ನೂ ತ್ಯಜಿಸಿದ ಪುರಂದರದಾಸರ ಕಥೆಯನ್ನು ಹೇಳದ ಕನ್ನಡ ಮನೆಯಿಲ್ಲ. ಕ್ರೈಸ್ತ ಮಿಷನರಿಯಾದ ಹರ್ಮನ್ ಮ್ಯೋಗ್ಲಿಂಗನು ತಾನು ಮಂಗಳೂರಿನಲ್ಲಿ ಪ್ರಕಟಿಸಿದ ಪ್ರಾಚೀನ ಕನ್ನಡ ಗ್ರಂಥಮಾಲೆಯಲ್ಲಿ ದಾಸರ ಪದಗಳಿಗೂ ಸ್ಥಾನವಿತ್ತನು. ವೈರಾಗ್ಯದ ವಿಷಯದಲ್ಲಿ ಈ ನಾಡಿಗೆ ಕಲಿಸುವುದಕ್ಕಿಂತ ಈ ನಾಡಿನಿಂದ ಕಲಿಯುವುದು ಹೆಚ್ಚಿದೆಯೆಂದು ಅವನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಕ್ರೈಸ್ತ ಮಾರ್ಗದ ವೈಶಿಷ್ಟ್ಯವಿರುವುದು ವೈರಾಗ್ಯದ ಹೆಚ್ಚಳದಲ್ಲಲ್ಲ. ತನ್ನ ಸ್ವಂತ ಶಕ್ತಿಯಿಂದ ಆಸೆಯನ್ನು ಗೆಲ್ಲಲಾರೆನೆಂಬ ಒಪ್ಪಿಗೆಯಲ್ಲಿ, ಆದುದರಿಂದ ಕೃಪೆಯನ್ನು ಬೇಡುವ ದೈನ್ಯದಲ್ಲಿ, ಮತ್ತು ಆ ಕೃಪೆಯು ಬಹುಶಃ ನೆರೆಯವನ ಕೈಯ ಮೂಲಕವೇ ಬರುವುದೆಂಬ ನಂಬಿಕೆಯಲ್ಲಿ ಅದಿದೆ.

ಈಗ ನಮ್ಮ ನದಿಯ ಮುಖಕ್ಕೆ ಬರೋಣ. ಪೋರ್ಚುಗೀಸರ ಆಳ್ವಿಕೆಯ ವಸಯಿಯಲ್ಲಿ 1556ರ ಸುಮಾರಿಗೆ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಎಂಬಾತನು ಬಾಲ್ಯದಲ್ಲಿ ಯೇಸುಸಭೆಯ ಗುರುಗಳಲ್ಲಿ ಓದಿ, ಅವರೊಡನೆ ಜಪಾನಿಗೆ ತೆರಳಿ, ಅಲ್ಲಿಯ ಭಾಷೆಯನ್ನು ನಿರರ್ಗಳವಾಗಿ ಕಲಿತು, ಉಪದೇಶಿಯಾಗಿ ಸೇವೆಸಲ್ಲಿಸಿದನು. ತಮ್ಮ ಸಂಘದಲ್ಲಿ ಸೇರಿಸಿಕೊಳ್ಳಬೇಕೆಂಬ ಅವನ ಅಪೇಕ್ಷೆ ಮಾತ್ರ ಈಡೇರಲಿಲ್ಲ. ಮನಸ್ಸು ಮುರಿದ ಆ ತರುಣನು ವ್ಯಾಪಾರಕ್ಕಿಳಿದನು, ವ್ಯಾಪಾರ ಕೈಹಿಡಿಯಿತು. ಪೂರ್ವಸಮುದ್ರದ ಬಂದರುಗಳಲ್ಲಿ ಅವನಿಗೆ ಹಣವೂ ಹೆಸರೂ ದೊರೆತವು. ಆದರೂ ಅವನು ಅವೆಲ್ಲವನ್ನೂ ಬಿಟ್ಟು, ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಂಘದ ಸಾಮಾನ್ಯ ಸಹೋದರನಾಗಿ ಸೇರಿ, ದುಭಾಷಿಯಾಗಿ ಮತ್ತೆ ಜಪಾನಿಗೆ ಹೋಗಿ, 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಇನ್ನಿಪ್ಪತ್ತೈದು ಜನರೊಡನೆ ಶಿಲುಬೆಗೇರಿದನು. 1862ರಲ್ಲಿ ಒಂಬತ್ತನೆಯ ಪಿಯುಸ್ ಪಾಪುರವರು ಅವನನ್ನು ಸಂತನೆಂದು ಸಾರಿದರು. ಹುತಾತ್ಮನಾದುದನ್ನೇ ನಾವು ಕೊಂಡಾಡುವೆವು. ನನಗಾದರೋ ಅದಕ್ಕಿಂತ ಮುಂಚಿನ ಘಟ್ಟವೇ ಹೆಚ್ಚು ವಿಚಾರಾರ್ಹವೆಂದು ತೋರುವುದು. ಸೋತ ವ್ಯಾಪಾರಿಯು ಸನ್ಯಾಸಿಯಾಗುವುದು ಲೋಕದಲ್ಲಿ ಸಾಮಾನ್ಯ. ಗೆದ್ದ ವ್ಯಾಪಾರಿಯು, ಹಿಂದೆ ತನಗೆ ಬಾಗಿಲು ತೆರೆಯದ ಧರ್ಮದ ಕಡೆಗೇ ಮರಳುವುದು ಅಪೂರ್ವ. ಹಣವು ಅವನ ಗಾಯಕ್ಕೆ ಔಷಧವಾಗಬಹುದಿತ್ತು, ಆಗಲಿಲ್ಲ. ಪ್ರಲೋಭನವು ಬಹುವೇಳೆ ಭೋಗದ ರೂಪದಲ್ಲಿ ಬರುವುದಕ್ಕಿಂತ ಸಾಂತ್ವನದ ರೂಪದಲ್ಲಿ ಬರುವುದೆಂಬುದನ್ನು ಅವನ ಚರಿತ್ರೆಯಿಂದ ತಿಳಿಯಬಹುದು.

ಆದರೆ ಸಂತರು ವಿರಳ. ಸಾಮಾನ್ಯ ಕುಟುಂಬಸ್ಥನ ಸಂಯಮಕ್ಕೆ ದೃಷ್ಟಾಂತ ಬೇಕಾದರೆ ನಾವು ಹತ್ತೊಂಬತ್ತನೆಯ ಶತಮಾನದ ಮಂಗಳೂರಿಗೆ ಹೋಗಬೇಕು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನ ಪರವಾಗಿ ಅಲ್ಲಿಗೆ ಬಂದರು. ಅವರ ಬೋಧೆಯನ್ನು ಸ್ವೀಕರಿಸಿದವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯವಾಗಿತ್ತು. ಅವರಲ್ಲಿ ಅನೇಕರ ಕುಲವೃತ್ತಿಯಾದರೋ ಮೂರ್ತೆ, ಅಂದರೆ ತೆಂಗು ತಾಳೆಮರಗಳಿಂದ ಕಳ್ಳಿಳಿಸುವುದು. ವುರ್ಟೆಂಬೆರ್ಗಿನ ಕಟ್ಟುನಿಟ್ಟಾದ ಭಕ್ತಿಪಂಥದಲ್ಲಿ ಬೆಳೆದ ಆ ಜರ್ಮನರು ಕಳ್ಳನ್ನು ಕುಡಿಯುವುದನ್ನು ಮಾತ್ರವಲ್ಲ, ಇಳಿಸುವುದನ್ನೂ ಮಾರುವುದನ್ನೂ ನಿಷೇಧಿಸಿದರು. ದೀಕ್ಷಾಸ್ನಾನ ಪಡೆದವನು ಅಂದಿನಿಂದ ಮರವನ್ನು ಹತ್ತುವಂತಿರಲಿಲ್ಲ. ಇತ್ತ ಮತಾಂತರದಿಂದಾಗಿ ಕುಟುಂಬದ ಆಸ್ತಿಯ ಹಕ್ಕೂ ಧಣಿಗಳ ಆಶ್ರಯವೂ ಕೈಬಿಟ್ಟುಹೋಗುತ್ತಿದ್ದುವು. ಒಂದೇ ದಿನದಲ್ಲಿ ಮನುಷ್ಯನು ಪಾಪದಿಂದಲೂ ಅನ್ನದಿಂದಲೂ ಏಕಕಾಲಕ್ಕೆ ಬಿಡುಗಡೆ ಹೊಂದಿದನೆಂದರೆ ಅದು ವ್ಯಂಗ್ಯವಲ್ಲ, ವಾಸ್ತವ.

ಇಲ್ಲಿಯೇ ಆ ಮಿಷನ್ನಿನ ಯೋಗ್ಯತೆ ಪ್ರಕಟವಾಯಿತು. ಬಿಡೆಂದು ಹೇಳಿದವರು ಹಿಡಿಯಲು ಏನನ್ನಾದರೂ ಕೊಡಬೇಕೆಂಬ ಋಣವನ್ನು ಅವರು ಒಪ್ಪಿಕೊಂಡರು. ಕೃಷಿವಸಾಹತುಗಳನ್ನು ನಡೆಸಿ ನೋಡಿದರು. ಬಲ್ಮಠದಲ್ಲಿ 1841ರಲ್ಲಿಯೇ ಮುದ್ರಣಾಲಯವನ್ನು ತೆರೆದಿದ್ದರು. 1851ರಲ್ಲಿ ಜಾನ್ ಹಾಲರ್ ಬಂದ ಮೇಲೆ ನೇಯ್ಗೆ ಬೆಳೆಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬಾತನು ನೇತ್ರಾವತಿಯ ಜೇಡಿಮಣ್ಣನ್ನು ಬಳಸಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಇಂದು ಕೊಂಕಣದಿಂದ ಮಲೆಯಾಳದವರೆಗೆ ಹಳೆಯ ಮನೆಗಳ ಮೇಲೆ ಕಾಣುವ ಕೆಂಪು ಮಂಗಳೂರು ಹಂಚಿನ ಚರಿತ್ರೆಯ ಬುಡದಲ್ಲಿ, ಕಳ್ಳಿನ ಮಡಕೆಯನ್ನು ಕೆಳಗಿಟ್ಟ ಕುಟುಂಬಗಳ ಹೊಟ್ಟೆಯ ಪ್ರಶ್ನೆಯಿದೆ. ಖಾಕಿ ಬಣ್ಣವೂ ಹಾಲರನ ನೇಯ್ಗೆಶಾಲೆಯಲ್ಲಿಯೇ ಸಿದ್ಧವಾಯಿತೆಂಬ ಪ್ರತೀತಿಯುಂಟು. ಸೈನ್ಯದ ಶಿಬಿರದಿಂದ ಹುಟ್ಟಿದ ಈ ನಗರದವರು ಅದನ್ನು ಕೇಳಿ ಮುಗುಳ್ನಗಬಹುದು. ಪ್ರಲೋಭನದ ವಿರುದ್ಧ ನೂರು ಪ್ರಸಂಗಗಳು ಸಾಧಿಸಲಾರದುದನ್ನು ಒಂದು ಹಂಚಿನ ಭಟ್ಟಿಯು ಸಾಧಿಸಿತೆಂದು ಹೇಳಲು ನನಗೆ ಸಂಕೋಚವಿಲ್ಲ.

ಹಾಗೆಂದು ಈ ಚಿತ್ರವನ್ನು ಬಂಗಾರದ ಚೌಕಟ್ಟಿನಲ್ಲಿ ಇರಿಸುವುದು ಸರಿಯಲ್ಲ. ಕಾರ್ಖಾನೆಯ ಧಣಿಯೂ ದೇವಾಲಯದ ಅಧಿಕಾರಿಯೂ ಒಂದೇ ಸಂಸ್ಥೆಗೆ ಸೇರಿದವರಾದಾಗ, ಕುಡಿದು ಸಿಕ್ಕಿಬಿದ್ದ ನೌಕರನಿಗೆ ಕೂಲಿಯೂ ಕರ್ತನ ಭೋಜನವೂ ಒಮ್ಮೆಗೇ ಅಪಾಯಕ್ಕೆ ಸಿಲುಕುವುವು. ಅಂಥ ಭಯದಿಂದ ಹುಟ್ಟಿದ ಸಂಯಮವನ್ನು ಸದ್ಗುಣವೆನ್ನಬೇಕೋ ವಿವೇಕವೆನ್ನಬೇಕೋ ಎಂಬುದು ಸುಲಭದ ಪ್ರಶ್ನೆಯಲ್ಲ. ಮೇಲಾಗಿ, ಆಸೆಯನ್ನು ಜಯಿಸಲು ತೆರೆದ ಕಾರ್ಖಾನೆಗೆ ಲಾಭದ ಆಸೆ ಹತ್ತಿಕೊಂಡಿತು. 1859ರಲ್ಲಿ ಬಾಸೆಲಿನಲ್ಲಿ ವ್ಯಾಪಾರಕ್ಕೆಂದೇ ಒಂದು ಪ್ರತ್ಯೇಕ ಕಂಪನಿ ಸ್ಥಾಪಿತವಾಯಿತು. ಧರ್ಮಪ್ರಚಾರಕ್ಕೂ ಲಾಭಾಂಶಕ್ಕೂ ಇರತಕ್ಕ ಸಂಬಂಧವನ್ನು ಕುರಿತು ಮಿಷನ್ನಿನೊಳಗೇ ಚರ್ಚೆ ನಡೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಈ ಉದ್ಯಮಗಳನ್ನು ವಶಪಡಿಸಿಕೊಂಡುದರಿಂದ ಆ ಚರ್ಚೆಯು ತೀರ್ಮಾನಕ್ಕೆ ಬರುವ ಮೊದಲೇ ಅದರ ವಿಷಯ ಇಲ್ಲದಾಯಿತು. ಪ್ರಲೋಭನವು ವ್ಯಕ್ತಿಯನ್ನು ಬಿಟ್ಟಾಗ ಸಂಸ್ಥೆಯ ಬಾಗಿಲಲ್ಲಿ ನಿಲ್ಲುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕನ್ನಡನಾಡಿನ ಸಭಾಚರಿತ್ರೆಯಲ್ಲಿ ನನಗೆ ಕಾಣದು.

ಹದಿನೆಂಟನೆಯ ಶತಮಾನದಲ್ಲಿಯೇ ಜಾನ್ ವೆಸ್ಲಿಯು ಈ ಸುಳಿಯನ್ನು ಗುರುತಿಸಿದ್ದನು. ಭಕ್ತಿಯು ಶ್ರಮವನ್ನೂ ಮಿತವ್ಯಯವನ್ನೂ ಹುಟ್ಟಿಸುವುದು. ಶ್ರಮ ಮಿತವ್ಯಯಗಳು ಐಶ್ವರ್ಯವನ್ನು ಹುಟ್ಟಿಸುವುವು. ಐಶ್ವರ್ಯ ಬೆಳೆದಂತೆ ಗರ್ವವೂ ಲೋಕಮೋಹವೂ ಬೆಳೆದು ಭಕ್ತಿಯು ಒಣಗುವುದು. ನ್ಯಾಯವಾಗಿ ಗಳಿಸು, ಉಳಿಸು ಎಂದವನು ಅಲ್ಲಿಗೇ ನಿಲ್ಲದೆ, ಉಳಿಸಿದ್ದನ್ನೆಲ್ಲ ಕೊಡು ಎಂದು ಮೂರನೆಯ ಮಾತನ್ನೂ ಸೇರಿಸಿದನು. ಈ ಮೂರನೆಯದಿಲ್ಲದೆ ಮೊದಲೆರಡು ವಿಷವಾಗುವುವೆಂಬುದು ಅವನ ದೃಢಾಭಿಪ್ರಾಯ. ಬೀದರ, ಕಲಬುರಗಿ, ಬೆಳಗಾವಿಗಳ ಕಡೆಯ ಮೆಥೊಡಿಸ್ಟ್ ಮನೆತನಗಳಿಗೆ ವೆಸ್ಲಿಯ ಹೆಸರು ಹೊಸದಲ್ಲ. ಹೊಲದ ಕೂಲಿಯಿಂದ ಶಾಲೆಗೆ, ಶಾಲೆಯಿಂದ ರೇಲ್ವೆಗೆ ಅಥವಾ ಕಾರ್ಖಾನೆಗೆ, ಅಲ್ಲಿಂದ ಸ್ವಂತ ಫ್ಲ್ಯಾಟಿಗೆ ಏರಿದ ಕುಟುಂಬದಲ್ಲಿ ಅಜ್ಜನ ಪ್ರಾರ್ಥನೆ ಮೊಮ್ಮಗನ ಕಾಲಕ್ಕೆ ವಾಡಿಕೆಯಾಗಿ ಉಳಿಯುವುದನ್ನು ಕಂಡವರು ಈ ಸಭೆಯಲ್ಲಿಯೂ ಇರಬಹುದು. ಈಚೆಗೆ ವಿಶ್ವಾಸಿಗೆ ಸಂಪತ್ತೇ ದೇವರ ಆಶೀರ್ವಾದದ ಗುರುತೆಂದು ಬೋಧಿಸುವವರು ಹೆಚ್ಚಿರುವರು. ಅವರ ಬೋಧೆಯು ಶೋಧಕನ ಮೂರನೆಯ ಮಾತನ್ನು ಉಪದೇಶಪೀಠದಿಂದ ಹೇಳಿಸುತ್ತಿದೆಯೆಂದೇ ನನ್ನ ಅಭಿಪ್ರಾಯ. ಅದನ್ನು ಮೃದುಗೊಳಿಸಿ ಹೇಳಲು ನನಗೆ ಕಾರಣ ಕಾಣುವುದಿಲ್ಲ.

ತ್ಯಾಗದಲ್ಲಿಯೂ ಒಂದು ಪ್ರಲೋಭನವುಂಟೆಂಬುದನ್ನು ಮರೆಯಬಾರದು. ಬಾಲ್ಯದಲ್ಲಿ ಕೆಲವು ವರ್ಷ ಇದೇ ಕಲ್ಯಾಣದಲ್ಲಿ ಓದಿದ, 1895ರಲ್ಲಿ ದೀಕ್ಷಾಸ್ನಾನ ಪಡೆದ, ಮರಾಠಿಯ ಶ್ರೇಷ್ಠ ಕ್ರೈಸ್ತಕವಿ ನಾರಾಯಣ ವಾಮನ ಟಿಳಕರು ಕೈಗೆ ಬಂದುದನ್ನು ಬಂದವರಿಗೆ ಕೊಟ್ಟುಬಿಡುವ ಸ್ವಭಾವದವರು. ಕೊನೆಯಲ್ಲಿ ಮಿಷನ್ನಿನ ಸಂಬಳವನ್ನೂ ಬಿಟ್ಟು ಸಾತಾರೆಯಲ್ಲಿ ಕ್ರೈಸ್ತ ಸನ್ಯಾಸಿಯಾಗಿ ನಿಂತರು. ಅವರ ಪತ್ನಿ ಲಕ್ಷ್ಮೀಬಾಯಿಯವರು ‘ಸ್ಮೃತಿಚಿತ್ರೆ’ ಎಂಬ ಆತ್ಮಕಥೆಯಲ್ಲಿ ಈ ಔದಾರ್ಯದ ಇನ್ನೊಂದು ಮುಖವನ್ನು, ಅಂದರೆ ಬರಿದಾದ ಅಡುಗೆಮನೆಯಿಂದ ಕಾಣುವ ಮುಖವನ್ನು, ಕಹಿಯಿಲ್ಲದ ಹಾಸ್ಯದಿಂದ ಚಿತ್ರಿಸಿರುವರು. ಗಂಡನು ಲೋಕವನ್ನು ಗೆದ್ದಾಗ ಹೆಂಡತಿಯು ಸಾಲದಂಗಡಿಯ ಮುಂದೆ ನಿಲ್ಲಬೇಕಾದರೆ ಆ ಗೆಲುವಿನ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಮನೆಯವರ ಒಪ್ಪಿಗೆಯಿಲ್ಲದ ವೈರಾಗ್ಯವನ್ನು, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ, ಕುಟುಂಬಸ್ಥನಿಗೆ ಮಾದರಿಯೆಂದು ನಾನು ಬೋಧಿಸಲಾರೆ.

ಈ ತತ್ತ್ವಗಳನ್ನು ನಮ್ಮ ಬೀದಿಗೆ ಅನ್ವಯಿಸಿದರೆ ಏನಾಗುವುದು? ಅಪೊಸ್ತಲನಾದ ಯೋಹಾನನು ಲೋಕದ ಮೋಹವನ್ನು ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬವೆಂದು ಮೂರಾಗಿ ವಿಂಗಡಿಸಿದನಷ್ಟೆ. ಮೂರಕ್ಕೂ ಇಲ್ಲಿ ಅಂಗಡಿಗಳಿವೆ. ಮುಂಬಯಿ ಪ್ರಾಂತದಲ್ಲಿ 1949ರಲ್ಲಿ ಪಾನನಿರೋಧದ ಶಾಸನವಾಯಿತು. ತರುವಾಯ ಬಂದ ಸಡಿಲಿಕೆಗಳೊಡನೆ ಪರ್ಮಿಟ್ ರೂಮುಗಳು ಹರಡಿದವು. ಕರಾವಳಿಯಿಂದ ಬಂದ ನಮ್ಮ ಜನ ಈ ಸೀಮೆಯಲ್ಲಿ ಇಡ್ಲಿ ದೋಸೆಯ ಹೋಟೆಲುಗಳನ್ನು ಕಟ್ಟಿ ಮರ್ಯಾದೆಯಿಂದ ಬಾಳಿದವರು. ಕಾಫಿಯ ಲಾಭಕ್ಕಿಂತ ಬಾಟಲಿಯ ಲಾಭ ಹೆಚ್ಚೆಂಬ ಲೆಕ್ಕ ಅವರ ಮುಂದೆ ಬಂದಾಗ ಅದು ಧರ್ಮಸಂಕಟವೇ ಆಯಿತು. ಕಳ್ಳಿನ ಮಡಕೆಯನ್ನು ಕೆಳಗಿಟ್ಟವರ ಊರಿನಿಂದ ಬಂದ ಹುಡುಗನೊಬ್ಬನು ಪರ್ಮಿಟ್ ರೂಮಿನ ಗಲ್ಲೆಯ ಮೇಲೆ ಕುಳಿತಿದ್ದರೆ, ಬಿಟ್ಟುಬಾ ಎಂದು ಅವನಿಗೆ ಹೇಳುವ ಸಭಾಪಾಲಕನ ಹಿಂದೆ ಯಾವ ಹಂಚಿನ ಕಾರ್ಖಾನೆಯಿದೆ?

ಕಲ್ಯಾಣಜಿ ಭಗತನು 1962ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮಟಕಾ ಜೂಜು ಉತ್ತರ ಕರ್ನಾಟಕದ ಹಳ್ಳಿಗಳವರೆಗೆ ಹಬ್ಬಿ, ಓಸಿ ಚೀಟಿಯಾಗಿ ಎಷ್ಟೋ ಕೂಲಿಕಾರರ ವಾರದ ದುಡಿಮೆಯನ್ನು ನುಂಗಿತು. ಈಗ ಅದು ಅಂಗೈಯ ಮೊಬೈಲಿಗೆ ಇಳಿದಿದೆ. ಜೂಜಿಗೆ ಬಿದ್ದವರಲ್ಲಿ ಬಹುಪಾಲು ಜನ ಲೋಭಿಗಳಲ್ಲ, ಸಾಲಗಾರರು. ಮಗಳ ಮದುವೆಗೋ ತಾಯಿಯ ಚಿಕಿತ್ಸೆಗೋ ಬೇರೆ ದಾರಿ ಕಾಣದವನು ಅಂಕಿಯನ್ನು ನಂಬುವನು. ಇನ್ನು ಬದುಕಿನ ಡಂಬದ ವಿಷಯ. ಉಲ್ಹಾಸನಗರದ ಸರಕಿನ ಮೇಲೆ ‘ಯು.ಎಸ್.ಎ.’ ಎಂದು ಅಚ್ಚಾಗಿದ್ದರೆ ಅದು ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ವಿನೋದವನ್ನು ಕೇಳದವರು ವಿರಳ. ಆ ವಿನೋದದಲ್ಲಿ ತಯಾರಕನ ಜಾಣತನವನ್ನು ನಾವು ನಗುವೆವು. ನಿಜವಾಗಿ ನಗಬೇಕಾದುದು ಕೊಳ್ಳುವವನನ್ನು, ಏಕೆಂದರೆ ಅವನು ಬಟ್ಟೆಯನ್ನು ಬಯಸಲಿಲ್ಲ, ಅದರ ಮೇಲಣ ಚೀಟಿಯನ್ನು ಬಯಸಿದನು. ಇದೇ ನಗರದಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಎದ್ದ ಅನಧಿಕೃತ ಕಟ್ಟಡಗಳನ್ನು ಸಕ್ರಮಗೊಳಿಸಲು 2006ರಲ್ಲಿ ವಿಧಾನಮಂಡಲವು ಒಂದು ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು. ನ್ಯಾಯವಾದ ಸೂರಿನ ಬಯಕೆಯೂ ಅನ್ಯಾಯದ ಲಾಭದ ಬಯಕೆಯೂ ಒಂದೇ ಗೋಡೆಯಲ್ಲಿ ಹೆಣೆದುಕೊಂಡಾಗ ಬೇರ್ಪಡಿಸುವುದು ಶಾಸನಕ್ಕೇ ಕಠಿನ; ಉಪದೇಶಕ್ಕೆ ಇನ್ನೂ ಕಠಿನ.

ಬಾಸೆಲ್ ಮಿಷನ್ನಿನವರು ಕನ್ನಡಕ್ಕೆ ತಂದ ‘ಯಾತ್ರಿಕನ ಸಂಚಾರ’ವನ್ನು ನಮ್ಮ ಹಿರಿಯರು ಬೈಬಲಿನ ಪಕ್ಕದಲ್ಲಿಯೇ ಇರಿಸುತ್ತಿದ್ದರು. ಜಾನ್ ಬನ್ಯನ್ನನು ಆ ಗ್ರಂಥದಲ್ಲಿ ವರ್ಣಿಸಿದ ಮಾಯೆಯ ಸಂತೆಯನ್ನು ಯಾತ್ರಿಕನು ಸುತ್ತುದಾರಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಸ್ವರ್ಗನಗರಿಯ ಮಾರ್ಗವು ಆ ಸಂತೆಯ ನಡುವಿನಿಂದಲೇ ಹೋಗುವುದು. ಅದನ್ನು ದಾಟುವಾಗ ಅವನು ಒಬ್ಬನೇ ಇರಲಿಲ್ಲ, ಸಂಗಡಿಗನಿದ್ದನು; ಆ ಸಂಗಡಿಗನು ಅಲ್ಲಿ ಪ್ರಾಣವನ್ನು ಕೊಟ್ಟಾಗ ಇನ್ನೊಬ್ಬನು ಜೊತೆಗೂಡಿದನು. ತಪಸ್ಸುಕಾಲದ ಉಪವಾಸ, ದಶಮಾಂಶ, ವಾರಕ್ಕೊಂದು ದಿನದ ವಿಶ್ರಾಂತಿ ಮುಂತಾದ ಆಚರಣೆಗಳನ್ನು ಸಭೆಯು ಪರಂಪರೆಯಾಗಿ ಉಳಿಸಿಕೊಂಡು ಬಂದಿರುವುದು ಈ ಸಂಗಾತವನ್ನು ಅಭ್ಯಾಸಮಾಡಿಸಲೆಂದೇ. ಎಲ್ಲರೂ ಒಟ್ಟಿಗೆ ಹಸಿದಿರುವ ದಿನದಲ್ಲಿ ಹಸಿವನ್ನು ತಾಳುವುದು ಸುಲಭ. ಆದರೆ ಉಪವಾಸದಿಂದ ಉಳಿದ ಹಣವು ಯಾರ ಹಸಿವನ್ನು ನೀಗಿತೆಂಬ ಲೆಕ್ಕವಿಲ್ಲದಿದ್ದರೆ ಆ ಆಚರಣೆಯು ಆರೋಗ್ಯಸಾಧನವಾಗಿ ಉಳಿಯುವುದೇ ಹೊರತು ಧರ್ಮಸಾಧನವಾಗಲಾರದು. ಆದಿಕಾಲದ ಸಭಾಪಿತೃಗಳು ಉಪವಾಸವನ್ನು ದಾನದಿಂದ ಬೇರ್ಪಡಿಸಿ ಬೋಧಿಸಿದ್ದು ವಿರಳ.

ಆದುದರಿಂದ ಠಾಣೆ, ಡೊಂಬಿವಲಿ, ಕಲ್ಯಾಣ, ಉಲ್ಹಾಸನಗರ, ನವಿಮುಂಬಯಿಗಳಲ್ಲಿ ಕನ್ನಡದಲ್ಲಿ ಆರಾಧಿಸುವ ಸಭೆಗಳ ಹಿರಿಯರಲ್ಲಿ ನನ್ನ ವಿನಂತಿಯಿದೆ. ಕೆಲಸ ಹುಡುಕಿಕೊಂಡು ಊರಿನಿಂದ ಬಂದಿಳಿದ ತರುಣನಿಗೆ ಮೊದಲ ಕೆಲವು ತಿಂಗಳು ತಲೆಯಿಡಲು ಒಂದು ಸ್ಥಳ, ಸಾಲದ ಸುಳಿಗೆ ಸಿಕ್ಕಿದವನಿಗೆ ಬಡ್ಡಿಯಿಲ್ಲದ ಒಂದು ಕೈಸಾಲ, ಮನಸ್ಸಿಗೊಪ್ಪದ ಕೆಲಸವನ್ನು ಬಿಡಲಿಚ್ಛಿಸುವವನಿಗೆ ಇನ್ನೊಂದು ಕೆಲಸ ದೊರೆಯುವವರೆಗೆ ಮನೆಯ ಖರ್ಚು, ಇಷ್ಟನ್ನು ನಿರ್ವಹಿಸುವ ಒಂದು ನಿಧಿಯನ್ನು ಪ್ರತಿಯೊಂದು ಸಭೆಯೂ ಏರ್ಪಡಿಸಲಿ; ಆ ನಿಧಿಯ ಲೆಕ್ಕವನ್ನು ಸಹಾಯಪಡೆದವರ ಹೆಸರುಗಳನ್ನು ಮರೆಮಾಡಿ, ಮೊತ್ತಗಳನ್ನು ಮರೆಮಾಡದೆ, ಸಭೆಯ ಮುಂದೆ ವರ್ಷಕ್ಕೊಮ್ಮೆ ಓದಲಿ. ಮುಂದಿನ ಬೂದಿ ಬುಧವಾರಕ್ಕೆ ಮೊದಲು ನಿಮ್ಮ ಸಭಾಸಮಿತಿಗಳು ಆಯವ್ಯಯ ಪತ್ರಿಕೆಯನ್ನು ಸಿದ್ಧಪಡಿಸುವಾಗ ಈ ನಿಧಿಗೆ ಒಂದು ಪ್ರತ್ಯೇಕ ಶೀರ್ಷಿಕೆಯನ್ನು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.